ಹೆಸರು ಹಾಕಬಾರದಿದ್ದ ಗುಡ್ಡ

ಮೇಜಿನ ಖಾನೆ ಖಾಲಿ ಮಾಡುವಾಗ ಒಂದು ಕಡ್ಡಿಪೆಟ್ಟಿಗೆ ಸಿಕ್ಕಿತು. ಒಳಗೆ ಇಲಿಯ ದವಡೆ, ಉಗುರಿನಷ್ಟು. ಗೂಬೆ ಇಲಿಯನ್ನು ನುಂಗಿ, ಅರಗದ ಎಲುಬು ಕೂದಲನ್ನು ಉಂಡೆಯಾಗಿ ಕಾರುತ್ತದೆ. ಅಂಥ ಉಂಡೆ ಬಿಡಿಸಿ ಊರ ಜನರಿಗೆ ತೋರಿಸುತ್ತಿದ್ದವರು, ಈ ದವಡೆಯನ್ನು ನನಗೆ ಕೊಟ್ಟವರು ಶಹಾಪುರದ ವಿಜ್ಞಾನದ ಮಾಸ್ತರು.

ನಿವೃತ್ತರಾದ ಮೇಲೆ ಹಳ್ಳಿಹಳ್ಳಿಗೆ ಹೋಗಿ ಕಾಡುಜೀವಿಗಳ ಬಗ್ಗೆ ಮಾತಾಡುತ್ತಿದ್ದರು. ನಾನು ಪುಟ ಕಟ್ಟುತ್ತಿದ್ದ ವಾರಪತ್ರಿಕೆಗೆ ಬರೆಯುತ್ತಿದ್ದರು. ಅವರ ಸಾಲುಗಳು ನನಗೆ ಬಾಯಿಪಾಠವಾಗಿದ್ದವು. ಒಮ್ಮೆ ಸುರಪುರದ ಕಡೆ ಒಬ್ಬ ರೈತ ಎದ್ದುನಿಂತ.

"ಗೂಗಿ ಮನಿ ಮ್ಯಾಲ ಕುಂತ್ರ ಮನಿ ಹಾಳಾಗ್ತೈತಂತಲ್ರಿ ಸರ್?"

"ಇಲಿ ಮನ್ಯಾಗ ಕುಂತ್ರ ಏನ್ ಉದ್ಧಾರ ಆಗೈತೋ ನಿಂದು?"

ಎಲ್ಲರೂ ನಕ್ಕರು. ರೈತನೂ ನಕ್ಕ ಎಂದು ಹೇಳುತ್ತ ಬಂದಿದ್ದೇನೆ. ನಕ್ಕನೋ ಇಲ್ಲವೋ...

ಒಂದು ಚಳಿಗಾಲ ಅವರು ಕೊಂಬಿನ ಗೂಬೆಯ ಬಗ್ಗೆ ಬರೆದು ತಂದರು. ಬಂಡೆಯ ಸಂದಿನಲ್ಲಿ ತಾಯಿ, ಎರಡು ಮರಿ. ನಿಧಿ ಅಗೆಯುವವರು ಇಂಥ ಹಕ್ಕಿಯನ್ನು ಬಲಿಗೆ ಹುಡುಕುತ್ತಾರೆ. ಅದಕ್ಕೇ ಕೈಬರಹದಲ್ಲಿ ಬರೀ 'ಒಂದು ಗುಡ್ಡ' ಎಂದಿತ್ತು; ಯಾವ ಊರಿನದೆಂದು ಬಾಯಲ್ಲಷ್ಟೇ ಹೇಳಿದರು.

"ಊರ ಹೆಸರು ಹಾಕಬ್ಯಾಡ ತಮ್ಮಾ," ಎಂದರು. ನಾನು ಹೂಂ ಅಂದೆ.

ಆದರೆ ನಮ್ಮ ಪತ್ರಿಕೆಯಲ್ಲಿ ಪ್ರತಿ ಬರಹದ ತಲೆಗೂ ದಪ್ಪ ಅಕ್ಷರದಲ್ಲಿ ಊರ ಹೆಸರು ಬರಬೇಕು. ಹೆಸರಿದ್ದರೆ ಆ ಊರಲ್ಲಿ ಪತ್ರಿಕೆ ಕೈಯಿಂದ ಕೈಗೆ ಹೋಗುತ್ತದೆ. ಮಾಸ್ತರರ ಬರಹವನ್ನು ಆ ಊರಿನವರಾದರೂ ಓದಲಿ ಎಂದು ನಾನು 'ದೋರನಹಳ್ಳಿ' ಎಂದು ಕೂಡಿಸಿದೆ. ಅಭ್ಯಾಸಬಲ ಎಂದು ಬಹಳ ದಿನ ಹೇಳಿಕೊಂಡೆ. ಅಭ್ಯಾಸಬಲವಲ್ಲ. ಅವರ ಮಾತು ನೆನಪಿತ್ತು, ಬೆರಳು ಒಂದು ಗಳಿಗೆ ನಿಂತಿತ್ತು ಕೂಡ.

ಪತ್ರಿಕೆ ಬಂದ ಮುಂದಿನ ವಾರ ಅವರು ಬಾಗಿಲಲ್ಲಿ ನಿಂತಿದ್ದರು. ಈ ಭಾಗ ಹೇಳುವಾಗೆಲ್ಲ ನಾನು ಮಳೆ ಸುರಿಸುತ್ತೇನೆ. ಮಳೆ ಇರಲಿಲ್ಲ. ಬಿಸಿಲಿತ್ತು, ಅವರ ಚಪ್ಪಲಿ ತುಂಬ ಧೂಳು.

"ಮರಿ ಎರಡೂ ಒಯ್ದಾರ. ತಾಯಿದು ಬರೇ ರೆಕ್ಕಿ ಬಿದ್ದಾವ." ಆಮೇಲೆ ಕೇಳಿದರು, "ಹೆಸರು ಯಾರ್ ಹಾಕಿದ್ರೋ?"

"ನಮ್ಮಲ್ಲಿ ಪದ್ಧತಿ ಐತ್ರಿ ಸರ್. ಅದು ತಾನಾ ಬರ್ತೈತಿ."

ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಅಥವಾ ಗೋಡೆಯನ್ನು.

"ಹಂಗಾರ ತಪ್ಪು ನಂದ. ನಾ ಬರೀಬಾರ್ದಿತ್ತು."

ಅಂದಿನಿಂದ ಅವರು ಬರೆಯಲಿಲ್ಲ. ಶಾಲೆಯವರು ಭಾಷಣಕ್ಕೆ ಕರೆದರೆ, "ನಾ ಬಾಯಿ ಬಿಟ್ರ ಕಳ್ಳರಿಗಿ ದಾರಿ ತೋರಿಸಿದಂಗ ಆಗ್ತೈತಿ, ಬ್ಯಾಡ್ರಿ" ಎನ್ನುತ್ತಿದ್ದರಂತೆ. ನಾನು ಅವರ ಮನೆಯ ಓಣಿ ಬಿಟ್ಟು ಬೇರೆ ದಾರಿಯಲ್ಲಿ ಓಡಾಡಿದೆ. ಹಾಕಿದ್ದು ನಾನೇ ಎಂದು ಹೇಳುವಷ್ಟರಲ್ಲಿ... ಇಲ್ಲ, ಹೇಳಲು ಬೇಕಾದಷ್ಟು ವರ್ಷಗಳಿದ್ದವು. ಅವರು ತೀರಿಕೊಂಡಾಗ ಶ್ರದ್ಧಾಂಜಲಿ ಸಭೆಯಲ್ಲಿ ಅವರನ್ನು ಹೊಗಳಿ ಮಾತಾಡಿದವನೂ ನಾನೇ. ಚೆನ್ನಾಗಿ ಮಾತಾಡಿದೆ ಎಂದರು.

ಹೋದ ತಿಂಗಳು ಆ ಗುಡ್ಡ ಹತ್ತಿದೆ. ಕತ್ತಲಾಗುವವರೆಗೆ ಸಂದಿನ ಎದುರು ಕುಳಿತೆ. ಯಾವ ಗೂಬೆಯೂ ಕೂಗಲಿಲ್ಲ. ಈಗ ಆ ಊರ ಹೆಸರನ್ನು ಎಷ್ಟು ದಪ್ಪ ಅಕ್ಷರದಲ್ಲಿ ಬೇಕಾದರೂ ಹಾಕಬಹುದು.