ವೀರಣ್ಣನ ಮನೆ ಮುಂದಿನ ಹಾರನ್

ಆಗ ನಮ್ಮೂರಿಂದ ಶಾಲೆ, ಸಂತೆ ಎರಡೂ ಇದ್ದ ಚಿಪ್ಪಗಿರಿಗೆ ಹೋಗಬೇಕೆಂದರೆ ಬೆಳಿಗ್ಗೆ ಒಂದು ಬಸ್ಸು, ಇಲ್ಲವೆಂದರೆ ನಮ್ಮಪ್ಪನ ಆಟೋ. ನಾನು ಹತ್ತನೇ ತರಗತಿಯ ಪರೀಕ್ಷೆ ಬರೆದ ಆ ಬೇಸಿಗೆ ನೆನಪಾದರೆ ಡೀಸೆಲ್ ಹೊಗೆ, ಬೇವಿನ ಹೂವು, ಬುಟ್ಟಿಯೊಳಗಿನ ಹಸಿಮೆಣಸಿನಕಾಯಿ ಎಲ್ಲದರ ವಾಸನೆ ಒಟ್ಟಿಗೇ ಮೂಗಿಗೆ ಬರುತ್ತದೆ. ಮೈಮೇಲೆ ಇರುವೆ ಬಿಟ್ಟಂಥ ಆ ಚಡಪಡಿಕೆಯೂ ಬರುತ್ತದೆ.

ಚಡಪಡಿಕೆಗೆ ಕಾರಣ ಅಪ್ಪನೇ. ಆಟೋ ತುಂಬಿದ ಮೇಲೂ ಊರ ಕೊನೆಯ ವೀರಣ್ಣನ ಮನೆ ಮುಂದೆ ನಿಲ್ಲಿಸಿ ಹಾರನ್ ಹೊಡೆಯುತ್ತಿದ್ದ. ಕುರಿ ಸಾಕುವ ವೀರಣ್ಣನಿಗೂ ನಮಗೂ ಎಣ್ಣೆ ಸೀಗೆಕಾಯಿ. ಹಿಂದೊಮ್ಮೆ ಅವನ ಟಗರು ನಮ್ಮ ಆಟೋಕ್ಕೆ ಸಿಕ್ಕಿ ಸತ್ತಿತ್ತು. ಹಿರಿಯರು ಕೂತು ಬಗೆಹರಿಸಿದರೂ ಅವನ ಸಿಟ್ಟು ಇಳಿಯಲಿಲ್ಲ. ತನ್ನ ಮನೆಯವರು ಯಾರೂ ಆ ಆಟೋ ಹತ್ತಬಾರದೆಂದು ಕಟ್ಟಪ್ಪಣೆ ಮಾಡಿದ್ದ. ಅವನ ಮಗಳು ಶಾರದಾ ನನ್ನ ತರಗತಿಯವಳೇ. ದಿನವೂ ಕಟ್ಟೆಯ ಮೇಲೆ ಕೂತು ಬಸ್ಸಿನ ದಾರಿ ನೋಡುತ್ತಿದ್ದಳು. ಹಾರನ್ ಕೇಳಿದೊಡನೆ ವೀರಣ್ಣ ಮುಖ ತಿರುಗಿಸುತ್ತಿದ್ದ. ಅಪ್ಪ ಸ್ವಲ್ಪ ಹೊತ್ತು ನೋಡಿ ಗಾಡಿ ಬಿಡುತ್ತಿದ್ದ.

ಗಣಿತ ಪರೀಕ್ಷೆಯ ದಿನ ಬಸ್ಸು ಬರುವ ಹೊತ್ತು ಮೀರಿತ್ತು. ಅಪ್ಪ ಅಲ್ಲಿ ನಿಲ್ಲಿಸಿ, ಕೀಲಿ ತಿರುವಿ ಇಂಜಿನ್ನನ್ನೇ ಆರಿಸಿಬಿಟ್ಟ.

“ನಿನ್ನ ದಾರಿ ನೀ ಹಿಡಿಯಪ್ಪ. ಬಸ್ ಬರ್ತೈತಿ,” ಎಂದ ವೀರಣ್ಣ, ಕುರಿದೊಡ್ಡಿಯ ಕಡೆ ನೋಡುತ್ತ.

“ಬರ್ಲಿ. ಬರೋಮಟ ಇರ್ತೀನಿ,” ಎಂದ ಅಪ್ಪ.

“ಇಂಕ ಪೋದಾಂ ಪದನ್ನಾ, ಸಂತಿ ಮುಗೀತೈತಿ,” ಎಂದು ಹಿಂದೆ ಕೂತಿದ್ದ ಮೆಣಸಿನಕಾಯಿ ಮಾರುವಾಕೆ ತೆಲುಗು ಬೆರೆಸಿ, ಇನ್ನು ಹೊರಡೋಣವೆಂದು ಅವಸರಪಡಿಸಿದಳು. ನನ್ನ ಕೈಯಲ್ಲಿ ಹಾಲ್ ಟಿಕೆಟ್ಟು ಬೆವರಿಗೆ ಮೆತ್ತಗಾಗಿತ್ತು. ಅಪ್ಪನ ಅಂಗಿ ಜಗ್ಗಿದೆ.

“ಅಪ್ಪಾ, ನನಗ ಹೊತ್ತಾಗ್ತೈತಿ.”

“ಆಕಿಗೂ ಆಗ್ತೈತಲ್ಲವ್ವ.”

ಕಟ್ಟೆಯ ಮೇಲಿದ್ದ ಶಾರದಾ ಸದ್ದಿಲ್ಲದೆ ಅಳತೊಡಗಿದಳು. ವೀರಣ್ಣ ಬಸ್ಸಿನ ದಾರಿ ನೋಡಿದ, ಮಗಳನ್ನು ನೋಡಿದ. ಕೊನೆಗೆ ಅಪ್ಪನತ್ತ ತಿರುಗದೆಯೇ “ಹತ್ತವ್ವ” ಎಂದ. ಅವಳು ಅರ್ಧ ಸೀಟಿನ ಮೇಲೆ, ಅರ್ಧ ನನ್ನ ತೊಡೆಯ ಮೇಲೆ ಕೂತಳು. ಅಪ್ಪ ಗಾಡಿಯನ್ನು ಹೇಗೆ ಓಡಿಸಿದನೆಂದರೆ, ಮೆಣಸಿನಕಾಯಿಯವಳು ದಾರಿಯುದ್ದಕ್ಕೂ ದೇವರನ್ನೆಲ್ಲ ಕರೆದಳು. ಅರ್ಧ ಮುಚ್ಚಿದ್ದ ಗೇಟಿನೊಳಗೆ ನಾವಿಬ್ಬರೂ ನುಗ್ಗಿ ಪರೀಕ್ಷೆ ಬರೆದೆವು.

ಮರುದಿನ ವೀರಣ್ಣ ನಗುತ್ತಾನೆ, ಮಗಳನ್ನು ತಾನೇ ಹತ್ತಿಸುತ್ತಾನೆ ಅಂದುಕೊಂಡಿದ್ದೆ. ಹಾರನ್ ಹೊಡೆದದ್ದೇ ತಡ, ಅವನು ಎದ್ದು ಒಳಗೆ ಹೋದ. ಶಾರದಾ ಬಸ್ಸಿಗೇ ಬಂದಳು. ನನಗೆ ಮೈಯೆಲ್ಲ ಉರಿಯಿತು.

“ನಾವಂದ್ರ ಅವರಿಗೆ ಆಗಂಗಿಲ್ಲಪ್ಪ. ನೀ ಯಾಕ ನಿಂದ್ರಿಸ್ತಿ?”

“ಆಗಂಗಿಲ್ಲ, ಖರೇ,” ಎಂದ ಅಪ್ಪ. “ನಾಳಿ ಬಸ್ ಬರದಿದ್ರ?”

ಆಟೋ ಮಾರುವವರೆಗೂ ಅಪ್ಪ ಆ ಮನೆ ಮುಂದೆ ನಿಲ್ಲಿಸುವುದನ್ನು ಬಿಡಲಿಲ್ಲ. ಹಾರನ್ ಕೇಳಿ ಎದ್ದು ಒಳಗೆ ಹೋಗುವುದನ್ನು ವೀರಣ್ಣನೂ ಬಿಡಲಿಲ್ಲ. ಆಗ ನನಗೆ ಅಪ್ಪನ ಮೇಲೆ ಸಿಟ್ಟಿತ್ತು. ಈಗ ಅಪ್ಪನಿಲ್ಲ, ಸಿಟ್ಟೂ ಇಲ್ಲ. ಅದೇ ದಾರಿಯಲ್ಲಿ ಇಂದು ಆಟೋಗಳಿಗೆ ಬರವಿಲ್ಲ, ಫೋನು ಮಾಡಿದರೆ ಬಾಗಿಲಿಗೇ ಬರುತ್ತವೆ. ನಾನೂ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಮುಟ್ಟುತ್ತೇನೆ. ಕರೆದವರ ಮನೆ ಮುಂದೆ ಎಲ್ಲರೂ ನಿಲ್ಲಿಸುತ್ತಾರೆ. ಬರುವುದಿಲ್ಲ ಎಂದವರ ಮನೆ ಮುಂದೆ ಯಾರೂ ನಿಲ್ಲಿಸುವುದಿಲ್ಲ.