ಚೀಟಿ ಬಾರದ ಹೊಲ

ತೊಂಬತ್ತರ ದಶಕದ ಆರಂಭದಲ್ಲಿ ಕಂಪ್ಲಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ನಾನು ಕಂಪ್ಯೂಟರ್ ಕೆಲಸಕ್ಕೆ ಸೇರಿದೆ. ಯಾವ ಹೊಲದ ಕಬ್ಬನ್ನು ಯಾವಾಗ ಕಡಿಯಬೇಕೆಂದು ಚೀಟಿ ಮುದ್ರಿಸುವ ಪ್ರೋಗ್ರಾಂ ಅಲ್ಲಿ ಆಗಲೇ ಇತ್ತು. ಅದನ್ನು ಯಾರೂ ಕೂತು ಯೋಚಿಸಿ ಕಟ್ಟಿರಲಿಲ್ಲ. ಮಳೆ ಹೆಚ್ಚಾದ ವರ್ಷ ಒಬ್ಬರು ಕೆಲವು ಸಾಲು ಸೇರಿಸಿದ್ದರು, ಲಾರಿ ಮುಷ್ಕರದ ವರ್ಷ ಇನ್ನೊಬ್ಬರು, ಯಂತ್ರ ಕೆಟ್ಟಾಗ ಮತ್ತೊಬ್ಬರು. ಬರೆದವರೆಲ್ಲ ಕೆಲಸ ಬಿಟ್ಟುಹೋಗಿದ್ದರು. ಆ ಸಾಲುಗಳನ್ನು ಓದುವಾಗ ಬೀಗ ಹಾಕಿದ ಮನೆಯೊಳಗೆ ಯಾರೋ ಮಾತಾಡುತ್ತಿರುವಂತೆ ಅನಿಸುತ್ತಿತ್ತು.

"ಇದನ್ನ ತೆಗದು ಪೂರ್ತಿ ಹೊಸದು ಬರೀತೀನ್ರಿ ಸರ್," ಎಂದೆ ವಿಭಾಗದ ಮುಖ್ಯಸ್ಥರಿಗೆ.

"ಬರಿ ತಂಗಿ. ಆದ್ರ ಹಳೇದನ್ನ ಅಳಸಬ್ಯಾಡ. ಅದು ಕಟ್ಟಿದ್ದಲ್ಲ, ಬೆಳದದ್ದು," ಎಂದರು ಅವರು.

ಮಳೆಗಾಲವಿಡೀ ಕೂತು ಮೊದಲು ಕಾಗದದ ಮೇಲೆ ನಕ್ಷೆ ಹಾಕಿ, ಆಮೇಲೆ ಬರೆದೆ. ನಾಟಿಯ ದಿನ, ತಳಿ, ದಾರಿಯ ದೂರ, ಎಲ್ಲಕ್ಕೂ ಅದರದರ ಜಾಗ. ಕಟಾವು ಶುರುವಾದಾಗ ಎರಡನ್ನೂ ಜೊತೆಯಲ್ಲಿ ಓಡಿಸಿದೆ. ಚೀಟಿಗಳು ಹೆಚ್ಚುಕಡಿಮೆ ಒಂದೇ ಬಂದವು. ಬುಕ್ಕಸಾಗರದ ಹತ್ತಿರ, ಕಾಲುವೆಯ ಕೆಳಗಿದ್ದ ಒಂದು ಹೊಲಕ್ಕೆ ಮಾತ್ರ ಹಳೆಯದು ಆಗ ಚೀಟಿ ಕೊಡಲಿಲ್ಲ. ಪ್ರತಿವರ್ಷ ಆ ಹೊಲದ ಸರದಿ ಬೇಸಿಗೆಗೇ ಬರುತ್ತಿತ್ತಂತೆ. ಯಾಕೆಂದು ಹೊಲದ ಯಜಮಾನರಿಗೂ ತಿಳಿದಿರಲಿಲ್ಲ. ತಪ್ಪು ಸಿಕ್ಕಿತೆಂದು ಖುಷಿಯಾಗಿ, ನನ್ನ ಪ್ರೋಗ್ರಾಂ ಕೊಟ್ಟ ಚೀಟಿಯನ್ನೇ ಕಳಿಸಿದೆವು.

ಮರುದಿನ ಮಧ್ಯಾಹ್ನ ಕಡಿಯುವವರ ಮೇಸ್ತ್ರಿ ಬಂದು ಬಾಗಿಲಲ್ಲೇ ನಿಂತ. "ನೆಲ ಅಲುಗಾಡಾಕತ್ತೇತ್ರಿ," ಎಂದ.

ಮುಖ್ಯಸ್ಥರೊಂದಿಗೆ ನಾನೂ ಹೋದೆ. ಮೇಲೆ ನೆಲ ಒಣಗಿ ಬಿರುಕು ಬಿಟ್ಟಿತ್ತು. ಕಾಲಿಟ್ಟರೆ ಮಾತ್ರ ಸುತ್ತಲಿನ ಕಬ್ಬು ನಿಧಾನಕ್ಕೆ ತೂಗುತ್ತಿತ್ತು. ಹೊಲದ ನಡುವೆ ಕಬ್ಬು ಹೇರಿದ ಟ್ರ್ಯಾಕ್ಟರ್ ಸದ್ದಿಲ್ಲದೆ ಇಳಿಯುತ್ತಿತ್ತು. ಡ್ರೈವರ್ ಹಾರಿಕೊಂಡು ಬದುವಿಗೆ ಬಂದಿದ್ದ. ದೊಡ್ಡ ಗಾಲಿಗಳು ಮುಳುಗಿದವು, ಆಮೇಲೆ ಸೀಟು. ಕೊನೆಗೆ ಹೊಗೆ ಕೊಳವೆಯೊಂದೇ ಉಳಿಯಿತು.

ಆಮೇಲೆ ಅಗೆದು ನೋಡಿದಾಗ ತಿಳಿಯಿತು, ಕಾಲುವೆಯ ನೀರು ಎಷ್ಟೋ ವರ್ಷದಿಂದ ಆ ಹೊಲದಡಿಗೆ ಬಸಿಯುತ್ತಿತ್ತು. ಬೇಸಿಗೆಯಲ್ಲಿ ಕಾಲುವೆ ನಿಂತಾಗಷ್ಟೇ ನೆಲ ಗಟ್ಟಿಯಾಗುತ್ತಿತ್ತು.

ಹಾಗಾದರೆ ಆ ಹೊಲವನ್ನು ಬೇಸಿಗೆಗೆ ತಳ್ಳುವ ಸಾಲನ್ನು ಯಾರು ಬರೆದರು? ವಾರಗಟ್ಟಲೆ ಹುಡುಕಿದೆ. ಆ ಹೊಲದ ಹೆಸರು ಎಲ್ಲೂ ಇರಲಿಲ್ಲ, ಕೆಸರಿನ ಮಾತೂ ಇರಲಿಲ್ಲ. ಮಳೆಗೆಂದು, ಮುಷ್ಕರಕ್ಕೆಂದು, ಯಂತ್ರಕ್ಕೆಂದು ಬೇರೆ ಬೇರೆಯವರು ಸೇರಿಸಿದ ಸಾಲುಗಳು ಒಂದಕ್ಕೊಂದು ತಗುಲಿ ಆ ಹೊಲವನ್ನು ಹಿಂದಕ್ಕೆ ತಳ್ಳುತ್ತಿದ್ದವು. ಬರೆದ ಯಾರಿಗೂ ಗೊತ್ತಿರದಿದ್ದುದು ಆ ಹಳೆಯ ಪ್ರೋಗ್ರಾಂಗೆ ಗೊತ್ತಿತ್ತು.

"ಆಕಸ್ಮಿಕ ಇರಬೇಕ್ರಿ," ಎಂದೆ.

"ಇರಬೇಕು," ಎಂದರು ಮುಖ್ಯಸ್ಥರು. ನನ್ನ ಮುಖ ನೋಡಲಿಲ್ಲ.

ನನ್ನ ಪ್ರೋಗ್ರಾಂ ಕಪಾಟು ಸೇರಿತು. ಮರುವರ್ಷ ಹಳೆಯದು ಪಕ್ಕದ ಹೊಲಕ್ಕೂ ಚೀಟಿ ಕೊಡುವುದನ್ನು ನಿಲ್ಲಿಸಿತು. ಯಾರೂ ಅದಕ್ಕೆ ಒಂದು ಸಾಲನ್ನೂ ಸೇರಿಸಿರಲಿಲ್ಲ. ಒಂದು ಮಧ್ಯಾಹ್ನ ನಾನೊಬ್ಬಳೇ ಆ ಪಕ್ಕದ ಹೊಲಕ್ಕೆ ಹೋದೆ. ನೆಲ ಗಟ್ಟಿಯಾಗಿಯೇ ಕಾಣುತ್ತಿತ್ತು. ಬದುವಿನ ಮೇಲೆ ತುಸು ಹೊತ್ತು ನಿಂತಿದ್ದು, ಕಾಲಿಡದೆ ಮನೆಗೆ ಬಂದೆ.