ಥಂಡಿ ಖೋಲಿಯ ಬಾಗಿಲಿಗೆ ಕಟ್ಟಿದ ಲೋಳೆಸರ

ನಮ್ಮ ವಿಜಯಪುರದ ಕಡೆ ಲೋಳೆಸರವನ್ನು ಬೇರುಸಮೇತ ಕಿತ್ತು, ಬೇರು ಮೇಲೆ ಎಲೆ ಕೆಳಗೆ ಮಾಡಿ, ಬಾಗಿಲ ಮೇಲೆ ಕಟ್ಟುತ್ತಾರೆ. ಕೆಟ್ಟ ದೃಷ್ಟಿ ಹೊಸ್ತಿಲು ದಾಟಬಾರದು ಅಂತ. ಮಣ್ಣಿಲ್ಲ, ನೀರಿಲ್ಲ, ಆದರೂ ಅದು ವರ್ಷಗಟ್ಟಲೆ ಹಸಿರಾಗಿರುತ್ತದೆ. ದುಡಿಯಲು ಬಂದು ಕಳವಾ ಎಂಬ ಊರಲ್ಲಿ ನಾವಿರುವ ಒಂದೇ ಖೋಲಿಯ ಮನೆಯ ಬಾಗಿಲಿಗೂ ಒಂದು ತೂಗುತ್ತಿದೆ. ದಿನಾ ಅದರ ಕೆಳಗೇ ಓಡಾಡುವ ನಾನು ಅದರ ಕಡೆ ಕಣ್ಣೆತ್ತಿದವಳಲ್ಲ. ನಾನು ಬೆರಗಾದದ್ದು ಎರಡನೆಯ ಗಿಡಕ್ಕೆ. ಅದನ್ನು ಒಯ್ದದ್ದು ವಾಶಿಗೆ, ಹಣ್ಣು ಕೂಡಿಡುವ ಥಂಡಿ ಖೋಲಿಯ ಬಾಗಿಲಿಗೆ.

ನನ್ನ ಗಂಡ ಅಲ್ಲಿ ಒಳಗಿನ ಆಳು. ಪೆಟ್ಟಿಗೆಗಳನ್ನು ಟ್ರಾಲಿಯಲ್ಲಿ ತಳ್ಳಿಕೊಂಡು ಹೋಗಿ ಒಳಗೆ ಒಂದರ ಮೇಲೊಂದು ಹೊಂದಿಸುವುದು, ಲಾರಿ ಬಂದಾಗ ಹೊರಗೆ ತರುವುದು ಅವರ ಕೆಲಸ. ನಾನು ಅದೇ ಬಾಗಿಲ ಹೊರಗಿನ ಹಾಲ್‌ನಲ್ಲಿ ಹೆಂಗಸರ ಸಾಲಿನಲ್ಲಿ ಕೂತು ಹಣ್ಣು ಆರಿಸುತ್ತೇನೆ. ಕಳವಾ ಸ್ಟೇಶನ್ನಿನಿಂದ ಠಾಣೆ ಸ್ಟೇಶನ್, ಅಲ್ಲಿಂದ ವಾಶಿಗೆ ಇನ್ನೊಂದು ರೈಲುಗಾಡಿ. ಇಬ್ಬರೂ ಕೂಡಿಯೇ ಹೊರಡುತ್ತೇವೆ, ಹೆಂಗಸರ ಡಬ್ಬಿಯಲ್ಲಿ ನಾನು, ಗಂಡಸರ ಡಬ್ಬಿಯಲ್ಲಿ ಅವರು ಕೂರುತ್ತೇವೆ. ಅವರಿಗೆ ಆ ಕೆಲಸದ ಮೇಲೆ ಭಾರಿ ಪ್ರೀತಿ. ಮೊದಲೆಲ್ಲ ಕಟ್ಟಡಗಳ ನೆತ್ತಿಯ ಮೇಲೆ ನಿಂತು ಸ್ಲ್ಯಾಬ್ ಹಾಕಿದವರು. "ಹುಟ್ಟಿದಾಗಿಂದ ಬಿಸಲ ಉಂಡೀನಿ. ಈಗ ದೇವರು ತಂಪ ಕೊಟ್ಟಾನ, ಅದಕ್ಕ ಅಡ್ಡ ಬರಬ್ಯಾಡ," ಅನ್ನುತ್ತಿದ್ದರು.

ಅಡ್ಡ ಬಂದದ್ದು ಬಾಗಿಲ ಚಿಲಕ. ಒಂದು ದಿನ ಅದು ಬಿಗಿದುಕೊಂಡು ಅವರು ಒಳಗೇ ಉಳಿದರು. ಬಹಳ ಹೊತ್ತೇನಲ್ಲ, ಒಂದು ಕಪ್ ಚಹಾ ಕುಡಿಯುವಷ್ಟು. ಹೊರಬಂದಾಗ ಮೀಸೆಯ ಮೇಲೆ ಹನಿ ಕೂತಿದ್ದವು, ಅವರು ನಗುತ್ತಿದ್ದರು. ಸಾಲಿನ ಹೆಂಗಸರೂ ನಕ್ಕರು. ನಾನು ಮಾತ್ರ ಆ ಚಿಲಕವನ್ನೇ ನೋಡುತ್ತಿದ್ದೆ. ಮರುದಿನವೇ ಒಂದು ಲೋಳೆಸರ ಹಿಡಿದುಕೊಂಡು ಗಾಡಿ ಹತ್ತಿದೆ. "ಇದು ಹಸರ ಇರೂತನಕ ನೀವು ಒಳಗ ಹೋಗ್ರಿ. ಕೊಳೀತಂದ್ರ ಆ ಕೆಲಸಾನ ಬಿಡಬೇಕು," ಎಂದು ಕರಾರು ಹಾಕಿದೆ. ಅವರು ತಕ್ಷಣ ಒಪ್ಪಿದರು. ಹೆಂಡತಿಯ ಬಾಯಿಗಿಂತ ಗಿಡ ವಾಸಿ ಅನಿಸಿರಬೇಕು.

ಆದರೆ ಅಲ್ಲಿಯ ಆಳುಗಳ ಮೇಲ್ವಿಚಾರಕ ಮುಕಾದಮ ಬಾಗಿಲ ಚೌಕಟ್ಟಿಗೆ ಏನನ್ನೂ ತೂಗುಹಾಕಲು ಬಿಡಲಿಲ್ಲ. ಬೇಕಾದರೆ ಪಕ್ಕದಲ್ಲಿ ನೆಲದ ಮೇಲೆ ಇಟ್ಟುಕೋ ಅಂದ. ಹಾಗಾಗಿ ಬಣ್ಣದ ಹಳೆ ಡಬ್ಬಿಯಲ್ಲಿ ಮಣ್ಣು ತುಂಬಿ, ನೆಟ್ಟಗೆ ನೆಟ್ಟು, ಹೊಸ್ತಿಲ ಪಕ್ಕ ಇಟ್ಟೆ. ನೀರೂ ಹಾಕಿದೆ. ಮನೆಯಲ್ಲಿ ಗಾಳಿ ತಿಂದು ಬದುಕುವ ಗಿಡಕ್ಕೆ ಇಲ್ಲಿ ಮಣ್ಣು ನೀರು ಎರಡೂ ಸಿಕ್ಕಿವೆ, ಇನ್ನೇನು ಬೇಕು ಅಂದುಕೊಂಡೆ.

ಕೆಲವೇ ದಿನದಲ್ಲಿ ಎಲೆಯ ತುದಿಗಳು ನೀರು ತುಂಬಿದ ಗಾಜಿನ ಹಾಗಾದವು. ಮುಟ್ಟಿದರೆ ಬೆಂದ ಬೆಂಡೆಕಾಯಿ. ಚಳಿ ಹೊಡೆದಿದೆ ಅಂತ ಗೊತ್ತಾಯಿತು. ಗೋಣಿತಟ್ಟು ಸುತ್ತಿದೆ. ಅವರ ಹರಿದ ಜಾಕೀಟು ಹೊದಿಸಿದೆ. ಬಾಗಿಲು ತೆರೆದಾಗೆಲ್ಲ ಹಣ್ಣು ಬಿಟ್ಟು ಅದರ ಕಡೆಯೇ ನೋಡುತ್ತಿದ್ದೆ. ಕೊನೆಗೆ ಒಂದು ದೊಡ್ಡ ಥರ್ಮಾಕೋಲ್ ಪೆಟ್ಟಿಗೆ ಹುಡುಕಿ, ಮುಚ್ಚಳ ತೆಗೆದು, ಡಬ್ಬಿಯನ್ನು ಅದರೊಳಗೆ ಇಳಿಸಿದೆ. ಬರ್ಫು ಕರಗದಂತೆ ಕಾಯುವ ಪೆಟ್ಟಿಗೆ ಗಿಡವನ್ನು ಕಾಯದೆ ಇರುತ್ತದೆಯೇ? ಅದೇ ಎಲ್ಲಕ್ಕಿಂತ ಕೆಟ್ಟದ್ದಾಯಿತು. ವಾರದೊಳಗೆ ಹೊರಗಿನ ಎಲೆಗಳೆಲ್ಲ ಕುಸಿದು ಮಲಗಿದವು.

ರಾತ್ರಿ ಊಟಕ್ಕೆ ಕೂತಾಗಲೂ ನಾನು ಗಿಡ ಹೋಯಿತೆಂದು ಹಲುಬುತ್ತಿದ್ದೆ. ಇಲ್ಲೇ ಹುಟ್ಟಿ ಬೆಳೆದ ಮಗಳು ನಾನು ಕನ್ನಡದಲ್ಲಿ ಅತ್ತರೂ ಹಿಂದಿಯಲ್ಲೇ ಸಮಾಧಾನ ಮಾಡುವವಳು. "ಮಮ್ಮೀ, ವೋ ಪೌಧಾ ಹೈ, ಪಪ್ಪಾ ನಹೀ," ಅಂದಳು. ಅದು ಬರೀ ಗಿಡ, ಅಪ್ಪ ಅಲ್ಲವಂತೆ. ಅಷ್ಟು ನನಗೂ ತಿಳಿಯುತ್ತದೆ. ತಿಳಿದರೆ ಹೆದರಿಕೆ ಹೋಗುತ್ತದೆಯೇ?

ದಸರೆ ಬಂತು. ಖಂಡೆ ಪೂಜೆಗೆ, ಅಂದರೆ ಆಯುಧ ಪೂಜೆಗೆ, ಯಂತ್ರಗಳನ್ನೆಲ್ಲ ತೊಳೆದು ಚೆಂಡುಹೂವು ಕಟ್ಟಿದರು. ಥಂಡಿ ಖೋಲಿಯ ಬಾಗಿಲಿಗೂ ಪೂಜೆ ಆಯಿತು. ಒಂದು ಊದಿನಕಡ್ಡಿಯನ್ನು ಬಾಳೆಹಣ್ಣಿಗೆ ಚುಚ್ಚಿ ಹೊಸ್ತಿಲಲ್ಲಿ ಇಟ್ಟರು, ಇನ್ನೊಂದನ್ನು ಯಾರೋ ಚೌಕಟ್ಟಿನ ಮೇಲಿನ ಗೋಡೆಯ ಬಿರುಕಿಗೆ ಸಿಕ್ಕಿಸಿದರು. ಎರಡರ ಹೊಗೆಯೂ ನೆಟ್ಟಗೆ ಏರುತ್ತಿತ್ತು. ಆಗ ನನ್ನ ಗಂಡ ಬಾಗಿಲು ಎಳೆದು ತೆರೆದರು.

ಕೆಳಗಿನ ಹೊಗೆ ಮಲಗಿ ಹೊರಗೆ ಓಡಿತು, ನಮ್ಮ ಕಡೆಗೆ. ಮೇಲಿನ ಹೊಗೆ ಬಾಗಿ ಒಳಗೆ ಹೋಯಿತು. ಒಂದೇ ಬಾಗಿಲು. ಕೆಳಗೆ ಹೊರಗಿನ ದಾರಿ, ಮೇಲೆ ಒಳಗಿನ ದಾರಿ. ಇಷ್ಟು ವರ್ಷ ಅದರ ಎದುರಿಗೇ ಕೂತಿದ್ದೆ, ಕಂಡಿರಲಿಲ್ಲ. ಪೂಜೆಗೆ ನಿಂತವಳು ಆಗ ನಿಜವಾಗಿ ಕೈ ಮುಗಿದೆ.

"ಯಾಕ ಹಂಗ ನಿಂತಿ?" ಅಂದರು ಅವರು.

"ಆ ಹೊಗಿ ನೋಡ್ರಿ."

"ಅದರಾಗೇನೈತಿ? ಥಂಡಿಗಾಳಿ ಭಾರ ಇರ್ತೈತಿ. ನೀರಿನಂಗ ಕೆಳಗ ಹರೀತೈತಿ. ಬಿಸಿ ಮ್ಯಾಲಿಂದ ಒಳಗ ಬರ್ತೈತಿ."

"ಗೊತ್ತಿದ್ದು ಇಷ್ಟು ದಿನ ಸುಮ್ಮನ ಇದ್ರ್ಯಾ? ನಾ ಗಿಡಾ ತಗೊಂಡು ಥಂಡಿ ಹೊಳ್ಯಾಗ ಇಟ್ಟೀನಲ್ರೀ."

"ನೀ ಎಲ್ಲಿ ಕೇಳಿದಿ? ನಂಗರ ಎಲ್ಲಿ ಹೊಳೀತು?"

ಥರ್ಮಾಕೋಲ್ ಪೆಟ್ಟಿಗೆಯನ್ನು ನೆನೆದು ನನಗೇ ನಗು ಬಂತು. ಥಂಡಿಯನ್ನು ತುಂಬಿಡಲು ಹಂಡೆ ಇಟ್ಟಂತೆ ಇಟ್ಟಿದ್ದೆ. ಬಾಗಿಲಿಗೆ ಮೇಲೆಯೇ ಕಟ್ಟಬೇಕೆಂದ ಹಿರಿಯರು ಥಂಡಿ ಖೋಲಿ ಕಂಡವರಲ್ಲ. ಆದರೂ ಅವರು ಹೇಳಿದ ಜಾಗವೊಂದೇ ಇಲ್ಲಿ ಬೆಚ್ಚಗಿತ್ತು. ಇದಕ್ಕೆ ಏನನ್ನಬೇಕೋ ನನಗೆ ಇವತ್ತಿಗೂ ತಿಳಿಯದು.

ಮುಕಾದಮನ ಹತ್ತಿರ ಜಗಳಕ್ಕೇ ನಿಂತೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತ ಅವನು ಚೌಕಟ್ಟು ಬಿಟ್ಟು ಗೇಣು ಮೇಲೆ, ಗೋಡೆಗೆ ಮೊಳೆ ಹೊಡೆಸಿಕೊಟ್ಟ. ಕೊಳೆತ ಎಲೆಗಳನ್ನೆಲ್ಲ ಕತ್ತರಿಸಿದಾಗ ನಡುವಿನ ಮೂರೇ ಎಲೆ ಉಳಿದಿದ್ದವು. ಬೇರಿನ ಮಣ್ಣು ಕೊಡವಿ, ದಾರ ಬಿಗಿದು, ತಲೆಕೆಳಗಾಗಿ ತೂಗುಹಾಕಿದೆವು.

ಅದು ಬದುಕಿತು. ಕೆಳಮುಖವಾಗಿದ್ದ ಎಲೆಗಳು ಮೆಲ್ಲಗೆ ಬಾಗಿ ತುದಿಯನ್ನು ಮೇಲಕ್ಕೆ ಎತ್ತಿದವು. ಹೊಸ ಎಲೆ ಬಂದವು. ಮುಂದಿನ ವರ್ಷ ದ್ರಾಕ್ಷಿಯ ಲಾರಿಗಳು ಬರುವ ಕಾಲಕ್ಕೆ ನಡುವಿನಿಂದ ಒಂದು ದಂಟು ಕೆಳಗೆ ಇಳಿಯಿತು, ಮೊಣಕೈಯ ಹಾಗೆ ಬಾಗಿ ಮೇಲಕ್ಕೆ ತಿರುಗಿತು, ತುದಿಯಲ್ಲಿ ಹಳದಿ ಹೂವಿನ ಗೊಂಚಲು ಬಿಟ್ಟಿತು. ಮಣ್ಣಿಲ್ಲದ, ಬೇರು ಒಣಗಿ ನಾರಾದ ಗಿಡ, ಹಿಂದೆ ಒಂದು ಗೋಡೆಯಾಚೆ ಹಿಮದಂಥ ಚಳಿ. ಹೂವಿಗೆ ಬೇಕಾದ ಶಕ್ತಿಯನ್ನು ಅದು ಎಲ್ಲಿಂದ ತಂದಿತು? ಲಾರಿಯ ಡ್ರೈವರುಗಳು ಒಳಗೆ ಬಂದು ನೋಡಿದರು. ಮುಕಾದಮ ಚಪ್ಪಲಿ ಬಿಟ್ಟು ನಿಂತ. ಹೆಂಗಸರ ಸಾಲು ಎದ್ದು ಬಂತು. ನನ್ನ ಗಂಡ ಟ್ರಾಲಿ ಹಿಡಿದು ಹೊಸ್ತಿಲಲ್ಲೇ ನಿಂತು, ತಾವೇ ಹಡೆದ ಹಾಗೆ ಎಲ್ಲರಿಗೂ ತೋರಿಸುತ್ತಿದ್ದರು.

ಎಲ್ಲರೂ ಕತ್ತು ಎತ್ತಿದ್ದರು. ನನಗೆ ಕತ್ತು ನೋಯಿತು, ತಲೆ ಇಳಿಸಿದೆ. ನನ್ನ ಗಂಡನ ಬೆನ್ನ ಹಿಂದೆ ಬಾಗಿಲು ತೆರೆದೇ ಇತ್ತು. ಬಿಳಿ ಮಂಜು ನೆಲದ ಮೇಲೆ ಹರಿದು ಬರುತ್ತಿತ್ತು, ಅವರ ಗಮ್‌ಬೂಟು ಅದರಲ್ಲಿ ಮುಳುಗಿ ಕಾಣದಾಗಿತ್ತು. ಗಿಡವನ್ನು ನಾನು ಅದರಿಂದ ಎತ್ತಿ ಮೇಲೆ ಕಟ್ಟಿದ್ದೆ. ಅವರು ದಿನವೂ ಅದರಲ್ಲೇ ನಿಂತಿದ್ದರು. ಕರಾರಿನ ಪ್ರಕಾರ ಎಲ್ಲ ಸರಿಯಾಗಿಯೇ ಇತ್ತು, ಗಿಡ ಹೂ ಬಿಟ್ಟಿತ್ತು.

ಸಂಜೆ ಮನೆಗೆ ಬಂದು ಕುಸುಬೆ ಎಣ್ಣೆ ಬಿಸಿ ಮಾಡಿದೆ. "ಕಾಲ ಕೊಡ್ರಿ," ಅಂದೆ. ಅವರು ನಾಚಿ ಕಾಲು ಹಿಂದೆಳೆದುಕೊಂಡರು. ಮಗಳ ಎದುರು ಇದೇನು ಅಂದರು. ನಾನು ಬಿಡಲಿಲ್ಲ. ಕಾಲ್ಬೆರಳ ತುದಿಗಳು ಕಪ್ಪಾಗಿದ್ದವು, ಚರ್ಮ ಗಟ್ಟಿಯಾಗಿತ್ತು. ಗೋಡೆಗೆ ಒರಗಿ ಕಣ್ಣು ಮುಚ್ಚಿ ಅವರು ಇನ್ನೂ ಹೂವಿನ ಮಾತೇ ಆಡುತ್ತಿದ್ದರು.

"ಹೂಂ, ಕಾಲ ಮುಂದ ಇಟ್ಟೀನಲ್ಲ, ಇನ್ನೂ ಯಾಕ ಮುಟ್ಟವಲ್ಲಿ? ಹಿಡಿ ಮತ್ತ," ಅಂದರು.

ನಾನು ಆಗಲೇ ಅವರ ಹೆಬ್ಬೆರಳನ್ನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದೆ.